ಶಿರಸಿಯ ಬೇಣದಿಂದ ಕಲ್ಲಿನ ಕ್ಷುದ್ರಗ್ರಹವನ್ನು ಹುಡುಕುವ ಬಗೆ: ಫ್ಲೋರಾದಿಂದ ಗಾಸ್ಪ್ರಾದವರೆಗೆ

ಆಕಾಶದಲ್ಲಿ ಕ್ಷುದ್ರಗ್ರಹಕ್ಕಿರುವ ಗುರುತು ಒಂದೇ: ನಿನ್ನೆ ಕಂಡ ಜಾಗದಲ್ಲಿ ಇಂದು ಅದು ಇರುವುದಿಲ್ಲ. ಶನಿಗಿರುವ ಬಳೆ, ಗುರುವಿಗಿರುವ ಪಟ್ಟೆ, ಧೂಮಕೇತುವಿಗಿರುವ ಬಾಲ ಯಾವುದೂ ಅದಕ್ಕಿಲ್ಲ. ಮನೆಯಂಗಳದಲ್ಲಿ ನಿಲ್ಲಿಸಬಹುದಾದ ಯಾವ ದೂರದರ್ಶಕದಲ್ಲಿ ನೋಡಿದರೂ ಅದು ನಕ್ಷತ್ರದಂಥದೇ ಒಂದು ಚುಕ್ಕಿ. ಆದ್ದರಿಂದ ಇದು ಎರಡು ರಾತ್ರಿಗಳ ಕೆಲಸ. ಮೊದಲ ರಾತ್ರಿ ಚುಕ್ಕಿಗಳನ್ನು ಬರೆದುಕೊಳ್ಳಬೇಕು, ಎರಡನೆಯ ರಾತ್ರಿ ಯಾವುದು ಸರಿದಿದೆ ಎಂದು ನೋಡಬೇಕು. ಮುಂದೆ ಹೇಳುವುದೆಲ್ಲ ಆ ಎರಡು ರಾತ್ರಿಗಳಿಗೆ ಬೇಕಾದ ಸಿದ್ಧತೆ.

ನಮ್ಮ ಕೊನೆಯ ಗುರಿ 951 ಗಾಸ್ಪ್ರಾ (ಹೆಸರಿನ ಮುಂದಿನ ಅಂಕಿ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ). ಮಂಗಳ ಮತ್ತು ಗುರುಗ್ರಹಗಳ ನಡುವಿನ ಮುಖ್ಯ ಪಟ್ಟಿಯ ಒಳ ಅಂಚಿನಲ್ಲಿ, 3.28 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ಕಲ್ಲಿನ ತುಂಡು ಅದು. ಉದ್ದ ಸುಮಾರು 18 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ದಾರಿಯಷ್ಟು. 1916ರಲ್ಲಿ ಕ್ರಿಮಿಯಾದ ಸಿಮೀಜ್ ವೀಕ್ಷಣಾಲಯದಲ್ಲಿ ಗ್ರಿಗೊರಿ ನ್ಯೂಯ್ಮಿನ್ ಅದನ್ನು ಕಂಡುಹಿಡಿದರು; ಕಪ್ಪುಸಮುದ್ರದ ದಡದ ಗಾಸ್ಪ್ರಾ ಎಂಬ ಆರೋಗ್ಯಧಾಮದ ಊರಿನ ಹೆಸರನ್ನೇ ಇಟ್ಟರು. 1991ರ ಅಕ್ಟೋಬರ್ 29ರಂದು ಗೆಲಿಲಿಯೊ ನೌಕೆ ಸುಮಾರು 1,600 ಕಿಲೋಮೀಟರ್ ದೂರದಿಂದ ಅದನ್ನು ಹಾದುಹೋಯಿತು. ಮನುಷ್ಯ ಹತ್ತಿರದಿಂದ ಕಂಡ ಮೊದಲ ಕ್ಷುದ್ರಗ್ರಹ ಇದೇ. ಅದರ ಮೇಲಿನ ಕುಳಿಗಳಿಗೆ ಜಗತ್ತಿನ ಆರೋಗ್ಯಧಾಮಗಳ, ಬಿಸಿನೀರಿನ ಬುಗ್ಗೆಗಳ ಊರುಗಳ ಹೆಸರಿಟ್ಟಿದ್ದಾರೆ. ಕಡಲತಡಿಯ ಊರಿನ ಹೆಸರು ಹೊತ್ತ ಈ ಕಲ್ಲನ್ನು ನಮ್ಮ ಉತ್ತರ ಕನ್ನಡದ ಕಡಲತಡಿಯಿಂದ ಹುಡುಕಲು ನನಗೆ ವಿಶೇಷ ಪ್ರೀತಿ.

ಆದರೆ ಮೊದಲ ದಿನವೇ ಗಾಸ್ಪ್ರಾವನ್ನು ಹುಡುಕಲು ಹೊರಡಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ.

ಮೊದಲು ಕಲ್ಲಿನ ಪರಿಚಯ

ಕ್ಷುದ್ರಗ್ರಹಗಳಲ್ಲಿ ಇಂಗಾಲ ಹೆಚ್ಚಿರುವ ಕಪ್ಪು ಜಾತಿ ಒಂದು, ಸಿಲಿಕೇಟ್ ಖನಿಜಗಳ ಕಲ್ಲಿನ ಜಾತಿ ಇನ್ನೊಂದು. ಯಾಣದ ಕರಿಯ ಬಂಡೆಯನ್ನೂ ಮನೆಯ ಗೋಡೆಯ ಚಿರೆಕಲ್ಲನ್ನೂ ಪಕ್ಕಪಕ್ಕ ಕಲ್ಪಿಸಿಕೊಳ್ಳಿ. ಖನಿಜ ಬೇರೆಯಾದರೂ ನೋಟದ ಅಂತರ ಅಂಥದು. ಕಪ್ಪು ಜಾತಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಇಪ್ಪತ್ತನೆಯ ಒಂದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಕಲ್ಲಿನ ಜಾತಿ ಸುಮಾರು ಐದನೆಯ ಒಂದು ಪಾಲನ್ನು. ಒಂದೇ ಗಾತ್ರ, ಒಂದೇ ದೂರವಾದರೆ ಕಲ್ಲಿನದು ನಾಲ್ಕು ಪಟ್ಟು ಹೊಳೆಯುತ್ತದೆ. ಅದರ ಮೇಲೆ, ಪಟ್ಟಿಯ ಒಳಬದಿಯಲ್ಲಿ, ಅಂದರೆ ನಮಗೆ ಹತ್ತಿರದ ಬದಿಯಲ್ಲಿ, ಕಲ್ಲಿನವೇ ಹೆಚ್ಚು. ಚಿಕ್ಕ ಉಪಕರಣ ಇರುವವರು ಕಲ್ಲಿನ ಜಾತಿಯನ್ನೇ ಆರಿಸಿಕೊಳ್ಳಬೇಕು ಎನ್ನುವುದಕ್ಕೆ ಇದೇ ಕಾರಣ.

ಚಿರೆಕಲ್ಲಿನ ಹೋಲಿಕೆ ಇನ್ನೂ ಸ್ವಲ್ಪ ದೂರ ಬರುತ್ತದೆ. ಗಣಿಯಲ್ಲಿ ಆಗಷ್ಟೇ ಕಡಿದ ಚಿರೆಕಲ್ಲು ಮೆದುವಾಗಿರುತ್ತದೆ. ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗಿ ಕಂದುತ್ತದೆ. ಕ್ಷುದ್ರಗ್ರಹದ ಮೇಲೆ ಗಾಳಿಯಿಲ್ಲ, ಆದರೆ ಸೌರಮಾರುತವೂ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಧೂಳಿನಷ್ಟು ಸಣ್ಣ ಕಣಗಳ ಬಡಿತವೂ ಅದರ ಮೈಯನ್ನು ಕಾಲಕ್ರಮೇಣ ಕಂದಿಸಿ ಕೆಂಪಾಗಿಸುತ್ತವೆ. ಈ ಕಂದುವಿಕೆಯಿಂದಾಗಿ, ನಮ್ಮ ನೆಲಕ್ಕೆ ಬೀಳುವ ಸಾಮಾನ್ಯ ಉಲ್ಕಾಶಿಲೆಗಳು ಇವುಗಳದೇ ಚೂರುಗಳೆಂದು ಖಚಿತವಾಗಿ ಹೇಳುವುದು ಬಹುಕಾಲ ಕಷ್ಟವಾಗಿತ್ತು. 2010ರಲ್ಲಿ ಜಪಾನಿನ ಹಯಬುಸಾ ನೌಕೆ ಇಟೊಕಾವಾ ಎಂಬ ಕಲ್ಲಿನ ಕ್ಷುದ್ರಗ್ರಹದಿಂದ ತಂದ ಕಣಗಳು ಆ ಸಂಬಂಧವನ್ನು ದೃಢಪಡಿಸಿದವು.

ಗುರಿಗಳ ಆಯ್ಕೆ

ಹೊಳಪನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಂತೆ ಹೊಳಪು ಕಡಿಮೆ. ಐದು ಅಂಕಿಗಳ ಅಂತರವೆಂದರೆ ನೂರು ಪಟ್ಟು. ಕತ್ತಲೆಯ ಊರಿನಲ್ಲಿ ಬರಿಗಣ್ಣಿನ ಮಿತಿ 6, ಸಾಮಾನ್ಯ 10×50 ದುರ್ಬೀನಿನ (ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಅಗಲದ ಲೆನ್ಸಿನದು) ಮಿತಿ 9ರ ಆಸುಪಾಸು, ಆರು ಇಂಚಿನ ದೂರದರ್ಶಕದ್ದು 13ರ ಸುತ್ತ. ಈ ಅಳತೆಯನ್ನು 1856ರಲ್ಲಿ ಗಣಿತದ ಚೌಕಟ್ಟಿಗೆ ತಂದವರು ನಾರ್ಮನ್ ಪಾಗ್ಸನ್. ಮುಂದೆ ಮದ್ರಾಸ್ ವೀಕ್ಷಣಾಲಯಕ್ಕೆ ಬಂದ ಇದೇ ಪಾಗ್ಸನ್ 1861ರ ಏಪ್ರಿಲ್ 17ರಂದು ಅಲ್ಲಿಂದ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದರ ಹೆಸರು 67 ಏಷ್ಯಾ. ಅದೂ ಕಲ್ಲಿನದೇ. 1864ರಲ್ಲಿ ಅಲ್ಲಿಂದಲೇ ಸಿಕ್ಕ 80 ಸಾಫೋ ಕೂಡ ಕಲ್ಲಿನದು.

ಹೀಗಾಗಿ ನನ್ನ ಮೆಟ್ಟಿಲುಗಳು ಇವು. ದುರ್ಬೀನಿನಲ್ಲಿ 7 ಐರಿಸ್ ಅಥವಾ 8 ಫ್ಲೋರಾ. ಎರಡನ್ನೂ 1847ರಲ್ಲಿ ಲಂಡನ್ನಿನಲ್ಲಿ ಜಾನ್ ರಸೆಲ್ ಹಿಂಡ್ ಕಂಡರು, ಒಳ್ಳೆಯ ಕಾಲದಲ್ಲಿ ಇವು 7ರಿಂದ 9ರ ನಡುವೆ ಹೊಳೆಯುತ್ತವೆ. ಚಿಕ್ಕ ದೂರದರ್ಶಕದಲ್ಲಿ ಮದ್ರಾಸಿನ ಜೋಡಿ ಏಷ್ಯಾ ಮತ್ತು ಸಾಫೋ, ಹತ್ತರ ಆಸುಪಾಸು. ಕೊನೆಗೆ ಗಾಸ್ಪ್ರಾ, ಸಾಮಾನ್ಯವಾಗಿ 13–14. ಬರಿಗಣ್ಣಿನ ಮಿತಿಗಿಂತ ಸಾವಿರ ಪಟ್ಟು ಮಂಕು. ಗಾಸ್ಪ್ರಾವನ್ನು ಫ್ಲೋರಾ ಕುಟುಂಬಕ್ಕೆ ಸೇರಿಸುತ್ತಾರೆ. ಯಾವುದೋ ಹಳೆಯ ಡಿಕ್ಕಿಯಲ್ಲಿ ಒಡೆದು ಒಂದೇ ಬಗೆಯ ಕಕ್ಷೆಗಳಲ್ಲಿ ಹರಡಿಕೊಂಡ ಬಳಗ ಅದು. ಮೊದಲು ಫ್ಲೋರಾವನ್ನು ನೋಡಿದವರಿಗೆ ಗಾಸ್ಪ್ರಾ ಅದೇ ಮನೆಯ ಮಗುವಿನಂತೆ ಕಾಣುತ್ತದೆ.

ಕಾಲದ ಆಯ್ಕೆ: ಮಳೆನಕ್ಷತ್ರಗಳ ಬೀದಿ

ಕ್ಷುದ್ರಗ್ರಹ ಅತ್ಯಂತ ಪ್ರಕಾಶಮಾನವಾಗುವುದು ವಿಯುತಿಯಲ್ಲಿ. ಸೂರ್ಯ ಒಂದು ಬದಿಗೆ, ಅದು ಇನ್ನೊಂದು ಬದಿಗೆ, ನಡುವೆ ನಾವು. ಆಗ ಅದು ಸಂಜೆ ಮೂಡಿ ನಡುರಾತ್ರಿ ನೆತ್ತಿಗೆ ಬಂದು ಮುಂಜಾನೆ ಮುಳುಗುತ್ತದೆ. ಫ್ಲೋರಾ, ಗಾಸ್ಪ್ರಾಗಳಿಗೆ ವಿಯುತಿ ಸುಮಾರು 17 ತಿಂಗಳಿಗೊಮ್ಮೆ. ಐರಿಸ್, ಏಷ್ಯಾಗಳಿಗೆ ಸ್ವಲ್ಪ ಬೇಗ, ಹದಿನಾರೂವರೆ ತಿಂಗಳಿಗೊಮ್ಮೆ. ಅಂದರೆ ಒಂದು ಸಲ ಡಿಸೆಂಬರಿನಲ್ಲಿ ಸಿಕ್ಕ ಫ್ಲೋರಾ ಮುಂದಿನ ಸಲ ಮೇ ತಿಂಗಳಿಗೆ ಜಾರುತ್ತದೆ, ಅದರ ಮುಂದಿನ ಸಲ ಅಕ್ಟೋಬರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ವಿಯುತಿಯನ್ನು ನಮ್ಮ ಜಿಲ್ಲೆಯವರು ಬಿಟ್ಟುಬಿಡಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗಿನದನ್ನು ಯಾವ ಕಾರಣಕ್ಕೂ ಬಿಡಬಾರದು.

ಇದರಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ. ಆರಿದ್ರಾ ಮಳೆ, ಪುನರ್ವಸು ಮಳೆ, ಪುಷ್ಯ ಮಳೆ ಎಂದು ನಾವು ಕರೆಯುವುದು ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳನ್ನು. ಸೂರ್ಯನ ಎದುರಿಗಿರುವುದು ವಿಯುತಿಯಾದ್ದರಿಂದ, ಆರು ತಿಂಗಳು ಕಳೆದ ಮೇಲೆ ಕ್ಷುದ್ರಗ್ರಹ ಬಂದು ನಿಲ್ಲುವುದು ಅದೇ ನಕ್ಷತ್ರಗಳ ಬೀದಿಯಲ್ಲಿ. ಜೂನ್ ಕೊನೆಯಲ್ಲಿ ಸೂರ್ಯ ಆರಿದ್ರೆಯಲ್ಲಿದ್ದರೆ, ಡಿಸೆಂಬರ್ ಕೊನೆಯ ವಿಯುತಿಯ ಕ್ಷುದ್ರಗ್ರಹ ಆರಿದ್ರೆಯ ಆಸುಪಾಸಿನಲ್ಲಿ. ಜನವರಿ ಮೊದಲ ವಾರಕ್ಕೆ ಪುನರ್ವಸು, ಮೂರನೆಯ ವಾರಕ್ಕೆ ಪುಷ್ಯ, ಫೆಬ್ರವರಿ ನಡುವಿಗೆ ಮಖೆ. ಗದ್ದೆಯ ಕೆಲಸಕ್ಕೆ ಈ ಹೆಸರುಗಳನ್ನು ಬಾಯಿಪಾಠ ಮಾಡಿದ ಅಜ್ಜಿಯಂದಿರು ನಮ್ಮ ಮನೆಗಳಲ್ಲಿದ್ದಾರೆ. ವಿಯುತಿಯ ದಿನಾಂಕ ಹೇಳಿದರೆ ಆಕಾಶದ ಯಾವ ಭಾಗ ನೋಡಬೇಕೆಂದು ಅವರೇ ಲೆಕ್ಕ ಹಾಕಿ ಹೇಳಬಲ್ಲರು. ಇನ್ನೊಂದು ಲಾಭ: ವೃಷಭ, ಮಿಥುನ ರಾಶಿಗಳು ಸುಮಾರು 15 ಡಿಗ್ರಿ ಅಕ್ಷಾಂಶದ ನಮ್ಮೂರಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾಯುತ್ತವೆ. ಗಾಳಿಯ ಪದರ ಅತಿ ತೆಳುವಾಗಿರುವ ದಿಕ್ಕು ಅದು.

ಹುಣ್ಣಿಮೆಯ ಚಂದ್ರ ನಿಲ್ಲುವುದೂ ಸೂರ್ಯನ ಎದುರಿಗೇ. ಅಂದರೆ ವಿಯುತಿಯ ಕ್ಷುದ್ರಗ್ರಹದ ಪಕ್ಕದಲ್ಲೇ. ಆದ್ದರಿಂದ ಅಮಾವಾಸ್ಯೆಯ ಹಿಂದುಮುಂದಿನ ಒಂದು ವಾರವನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಳ್ಳಿ.

ಸ್ಥಾನಪಟ್ಟಿ ಮತ್ತು ಐದೂವರೆ ಗಂಟೆ

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮೈನರ್ ಪ್ಲಾನೆಟ್ ಸೆಂಟರ್ ತನ್ನ ಜಾಲತಾಣದಲ್ಲಿ ಯಾವುದೇ ಕ್ಷುದ್ರಗ್ರಹದ ಸ್ಥಾನಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಹೆಸರು ಅಥವಾ ಸಂಖ್ಯೆ, ದಿನಾಂಕ, ನಿಮ್ಮ ಸ್ಥಳ ಕೊಟ್ಟರೆ ಸಾಕು. ಕಾರವಾರಕ್ಕೆ ಅಕ್ಷಾಂಶ 14.8, ರೇಖಾಂಶ 74.1, ಶಿರಸಿಗೆ 14.6 ಮತ್ತು 74.8. ಸ್ಟೆಲ್ಲೇರಿಯಮ್ ತಂತ್ರಾಂಶದಲ್ಲೂ ಕ್ಷುದ್ರಗ್ರಹಗಳನ್ನು ಹುಡುಕಬಹುದು, ಆದರೆ ಅದರ ಕಕ್ಷೆಯ ಮಾಹಿತಿಯನ್ನು ಆಗಾಗ ನವೀಕರಿಸಬೇಕು. ಹಳೆಯ ಮಾಹಿತಿ ನಿಮ್ಮನ್ನು ಖಾಲಿ ಆಕಾಶಕ್ಕೆ ಕರೆದೊಯ್ಯುತ್ತದೆ.

ಪಟ್ಟಿಯಲ್ಲಿರುವುದು ವಿಶ್ವಕಾಲಮಾನ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. 00 ಗಂಟೆಯ ಸಾಲು ನಮ್ಮ ಬೆಳಗಿನ 5.30ರದ್ದು, ರಾತ್ರಿ 9.30ಕ್ಕೆ ನೋಡುವವರಿಗೆ ಬೇಕಾದದ್ದು ಅದೇ ದಿನದ 16 ಗಂಟೆಯ ಸಾಲು. ಇದನ್ನು ಗಮನಿಸದೆ ನಾನು ಐರಿಸ್‌ಗಾಗಿ ಒಂದು ಇಡೀ ಅಮಾವಾಸ್ಯೆಯ ರಾತ್ರಿ ಕಳೆದುಕೊಂಡಿದ್ದೇನೆ. ವಿಯುತಿಯ ಹೊತ್ತಿಗೆ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಚಂದ್ರಬಿಂಬದ ಅರ್ಧದಷ್ಟು ಸರಿಯುತ್ತದೆ. ಹದಿನಾರು ಗಂಟೆಯ ತಪ್ಪಿನಿಂದ ಚಂದ್ರಬಿಂಬದ ಮೂರನೆಯ ಒಂದರಷ್ಟು ದೂರ ತಪ್ಪುತ್ತದೆ. ನಕ್ಷತ್ರಗಳು ಕಿಕ್ಕಿರಿದ ಮಿಥುನದಂಥ ಜಾಗದಲ್ಲಿ ಅಷ್ಟು ಸಾಕು, ಪಕ್ಕದ ನಕ್ಷತ್ರವನ್ನೇ ಕ್ಷುದ್ರಗ್ರಹವೆಂದು ನಂಬಿಬಿಡುತ್ತೇವೆ.

ಆಮೇಲೆ ನಕ್ಷೆಯನ್ನು ಮುದ್ರಿಸಿಕೊಳ್ಳಿ. ಎರಡು ನಕ್ಷೆ ಬೇಕು: ಬರಿಗಣ್ಣಿನ ನಕ್ಷತ್ರದಿಂದ ಆ ಜಾಗಕ್ಕೆ ದಾರಿ ತೋರುವ ಅಗಲದ್ದೊಂದು, ಗುರಿಯ ಸುತ್ತಲಿನ ಎರಡು ಡಿಗ್ರಿಯದ್ದೊಂದು. ಎರಡನೆಯದರಲ್ಲಿ ಗುರಿಗಿಂತ ಒಂದು ಕಾಂತಿಮಾನ ಮಂಕಾದ ನಕ್ಷತ್ರಗಳವರೆಗೂ ಇರಲಿ. ಕ್ಷುದ್ರಗ್ರಹದ ಚುಕ್ಕಿಯನ್ನು ಮಾತ್ರ ಅದರಲ್ಲಿ ಗುರುತಿಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಜಾಗ

ಕಾರವಾರ, ಅಂಕೋಲಾ, ಗೋಕರ್ಣದ ಕಡಲತಡಿಯಲ್ಲಿ ಸಂಜೆ ಗಾಳಿ ಕಡಲಿನಿಂದ ಬೀಸುತ್ತದೆ. ತೇವ, ಉಪ್ಪು, ಮಬ್ಬು ಎಲ್ಲವೂ ಅದರೊಡನೆ. ಚಳಿಗಾಲದಲ್ಲಿ ರಾತ್ರಿ ಏರಿದಂತೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹರಿಯತೊಡಗುತ್ತದೆ, ಆಕಾಶ ತಿಳಿಯಾಗುತ್ತದೆ. ಆದ್ದರಿಂದ ಕರಾವಳಿಯವರು ತಡರಾತ್ರಿಯನ್ನು ಆರಿಸಿಕೊಳ್ಳಿ. ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ ಇರುವುದರಿಂದ ಮೂಡುವ ಹೊತ್ತಿನ ಕ್ಷುದ್ರಗ್ರಹ ಹೇಗಿದ್ದರೂ ಕಾಣುವುದಿಲ್ಲ. ಪಶ್ಚಿಮದ ಅಂಚಿನಲ್ಲಿ ಮೀನುಗಾರಿಕೆಯ ದೋಣಿಗಳ ಬೆಳಕಿದ್ದರೂ ನೆತ್ತಿಯನ್ನು ನೋಡುವವರಿಗೆ ಅದು ತೊಂದರೆ ಕೊಡದು. ಕಾರವಾರದಲ್ಲಿ ನೌಕಾನೆಲೆಯ ಸುತ್ತಮುತ್ತ ದೂರದರ್ಶಕ, ಕ್ಯಾಮೆರಾ ನಿಲ್ಲಿಸಲೇಬೇಡಿ. ಬೇರೆ ಕಡಲತೀರದಲ್ಲಾದರೂ ಹತ್ತಿರದ ಠಾಣೆಗೆ ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು.

ಘಟ್ಟದ ಮೇಲೆ ಲೆಕ್ಕ ತಿರುವುಮುರುವು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಸಂಜೆಯಿಂದಲೇ ಆಕಾಶ ಚೆನ್ನಾಗಿರುತ್ತದೆ, ನಡುರಾತ್ರಿ ಕಳೆದಂತೆ ಇಬ್ಬನಿ ಸುರಿಯುತ್ತದೆ, ಬೆಳಗಿನ ಜಾವಕ್ಕೆ ಮಂಜು. ರಾತ್ರಿ ಎರಡು ಗಂಟೆಯೊಳಗೆ ಕೆಲಸ ಮುಗಿಸಬೇಕು. ತೋಟದೊಳಗೆ ಅಡಿಕೆ ಮರಗಳ ತಲೆ ಆಕಾಶವನ್ನು ಮುಚ್ಚುತ್ತದೆ; ಮನೆಯ ಮೇಲಿನ ಬೇಣವೇ, ಅಂದರೆ ಹುಲ್ಲು ಬೆಳೆಯುವ ಬಯಲೇ, ಸರಿಯಾದ ಜಾಗ. ಅಡಿಕೆ ಒಣಗಿಸುವ ಅಂಗಳವೂ ಆಗುತ್ತದೆ, ದೀಪ ಆರಿಸಲು ಮನೆಯವರು ಒಪ್ಪಿದರೆ. ಜೋಯಿಡಾ ಕಡೆಯ ಕತ್ತಲೆ ಇನ್ನೂ ಗಾಢ, ಆದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ರಾತ್ರಿ ಹೋಗುವುದು ಬೇಡ. ಊರೊಳಗಿನ ಯಾವುದಾದರೂ ಮನೆಯ ಅಂಗಳವನ್ನು ಕೇಳಿ ಪಡೆಯಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ವೀಕ್ಷಣೆಗೆ ಒಳ್ಳೆಯ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. ಅದನ್ನು ಹರಡುವ ಉಣುಗುಗಳು ತರಗೆಲೆಯಲ್ಲಿ, ಹುಲ್ಲಿನಲ್ಲಿ ಇರುತ್ತವೆ. ನೆಲದ ಮೇಲೆ ಕೂರಬೇಡಿ, ಕುರ್ಚಿ ಒಯ್ಯಿರಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಲೆನ್ಸ್ ಮುಟ್ಟುವ ಮುನ್ನ ಬೆರಳು ಒರೆಸಿಕೊಳ್ಳಿ. ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಆ ಬೇಣಕ್ಕೆ ಹೋಗಲೇಬೇಡಿ.

ಉಪಕರಣ

ಹೊಸದಾಗಿ ಏನನ್ನೂ ಕೊಳ್ಳುವ ಮೊದಲು 10×50 ದುರ್ಬೀನನ್ನು ಯಾರಿಂದಲಾದರೂ ಎರವಲು ತನ್ನಿ. ಅದನ್ನು ಕೈಯಲ್ಲಿ ಹಿಡಿದರೆ ಚುಕ್ಕಿಗಳು ಕುಣಿಯುತ್ತವೆ. ಕ್ಯಾಮೆರಾದ ಟ್ರೈಪಾಡಿಗೆ ಕಟ್ಟಿ. ಇಬ್ಬನಿಯಿಂದ ಕಾಪಾಡಲು ಕೊಳವೆಯ ಬಾಯಿಗೆ ಮುಸುಕು ಬೇಕು. ಒಣಗಿದ ಅಡಿಕೆ ಹಾಳೆಯನ್ನು ಸುರುಳಿ ಮಾಡಿ, ಒಳಬದಿಗೆ ಕಪ್ಪು ಬಟ್ಟೆ ಅಂಟಿಸಿ, ಲೆನ್ಸಿನ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚುವಂತೆ ಕಟ್ಟಿದರೆ ಅಂಗಡಿಯ ಮುಸುಕಿಗೆ ಸರಿಸಮನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ನಾಲ್ಕು ತಿಂಗಳು ಉಪಕರಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ; ಇಲ್ಲದಿದ್ದರೆ ಲೆನ್ಸಿನ ಮೇಲೆ ಬೂಸ್ಟು ಬೇರು ಬಿಡುತ್ತದೆ, ಅದು ತೊಲಗುವುದಿಲ್ಲ.

ಮೊದಲ ರಾತ್ರಿ

ಕತ್ತಲೆಗೆ ಕಣ್ಣು ಒಗ್ಗಲು ಅರ್ಧ ಗಂಟೆ ಕೊಡಿ. ಮೊಬೈಲ್ ಜೇಬಿನಲ್ಲಿರಲಿ; ಟಾರ್ಚಿಗೆ ಎರಡು ಪದರ ಕೆಂಪು ಕಾಗದ ಸುತ್ತಿ. ಬೇಣಕ್ಕೆ ನಡೆಯುವಾಗ ಮಾತ್ರ ಬಿಳಿ ಬೆಳಕು ಬೇಕು, ಹಾವುಗಳಿರುವ ಜಾಗ ಅದು.

ಫ್ಲೋರಾ ಪುನರ್ವಸುವಿನ ಹತ್ತಿರ ಇದೆಯೆಂದು ಇಟ್ಟುಕೊಳ್ಳೋಣ. ಪುನರ್ವಸುವಿನ ಜೋಡಿ ನಕ್ಷತ್ರಗಳಿಗೆ ದುರ್ಬೀನು ಇಡಿ. ಅಗಲದ ನಕ್ಷೆ ನೋಡಿ, ಒಂದು ನಕ್ಷತ್ರದಿಂದ ಇನ್ನೊಂದಕ್ಕೆ, ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಹಾಗೆ, ಗುರಿಯ ಜಾಗಕ್ಕೆ ಬನ್ನಿ. ತ್ರಿಕೋನ, ಸಾಲು, ಗಾಳದ ಕೊಕ್ಕೆ ಎಂದು ಆಕಾರಗಳಿಗೆ ನಿಮ್ಮದೇ ಹೆಸರಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಇಲ್ಲಿಂದ ಮುಂದೆ ನಕ್ಷೆಯನ್ನು ಮಡಿಚಿಡಿ. ಬಿಳಿಹಾಳೆಯ ಮೇಲೆ ಲೋಟವಿಟ್ಟು ಒಂದು ವೃತ್ತ ಎಳೆಯಿರಿ, ಪೆನ್ಸಿಲಿನಿಂದ ಮೊದಲು ಹೊಳೆಯುವ ನಾಲ್ಕೈದು ಚುಕ್ಕಿಗಳನ್ನು ಇಡಿ. ಆಮೇಲೆ ಅವುಗಳ ನಡುವಿನ ಮಂಕು ಚುಕ್ಕಿಗಳು. ನೇರವಾಗಿ ನೋಡಿದರೆ ಮಾಯವಾಗುವ ಚುಕ್ಕಿ, ಓರೆಗಣ್ಣಿನಲ್ಲಿ ನೋಡಿದರೆ ತೋರಿಬರುತ್ತದೆ. ಮಂಕು ಬೆಳಕಿಗೆ ಕಣ್ಣಿನ ಅಂಚೇ ಹೆಚ್ಚು ಚುರುಕು. ಹದಿನೈದು ಚುಕ್ಕಿಗಳಾದರೆ ನಿಲ್ಲಿಸಿ. ದಿನಾಂಕ, ಸಮಯ, ಗಾಳಿ, ಮಬ್ಬು ಎಲ್ಲವನ್ನೂ ಹಾಳೆಯಲ್ಲೇ ಬರೆಯಿರಿ.

ನಕ್ಷೆಯಲ್ಲಿ ಗುರಿಯ ಚುಕ್ಕಿ ಇಡಬೇಡಿ ಎಂದದ್ದು ಇದಕ್ಕಾಗಿ. ಎಲ್ಲಿದೆಯೆಂದು ಮೊದಲೇ ತಿಳಿದವನ ಕೈ ಅಲ್ಲಿ ಚುಕ್ಕಿ ಇಟ್ಟೇ ಇಡುತ್ತದೆ, ಕಣ್ಣು ಕಂಡಿರಲಿ ಬಿಡಲಿ. ತಿಳಿಯದೆ ಬರೆದ ಚಿತ್ರಕ್ಕೆ ಮಾತ್ರ ಸಾಕ್ಷಿಯ ಬೆಲೆ. ಪಾಗ್ಸನ್, ಹಿಂಡ್ ಕಾಲದವರಿಗೆ ಇದ್ದ ದಾರಿಯೂ ಇದೇ: ನಕ್ಷತ್ರಗಳ ಪಟ್ಟಿ, ಕಣ್ಣು, ಮತ್ತೆ ಮತ್ತೆ ಅದೇ ಜಾಗಕ್ಕೆ ಮರಳುವ ತಾಳ್ಮೆ.

ಎರಡನೆಯ ರಾತ್ರಿ

ಮರುದಿನ, ಮೋಡವಿದ್ದರೆ ಅದರ ಮರುದಿನ, ಅದೇ ಹೊತ್ತಿಗೆ ಅದೇ ಜಾಗವನ್ನು ಹೊಸ ಹಾಳೆಯಲ್ಲಿ ಬರೆಯಿರಿ. ಹಳೆಯ ಹಾಳೆಯನ್ನು ನೋಡಬೇಡಿ. ಮನೆಗೆ ಬಂದು ಎರಡನ್ನೂ ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿಯಿರಿ. ಹದಿನಾಲ್ಕು ಚುಕ್ಕಿಗಳು ಒಂದರ ಮೇಲೊಂದು ಕೂರುತ್ತವೆ. ಒಂದು ಚುಕ್ಕಿ ಪಶ್ಚಿಮದ ಕಡೆ ಸರಿದಿರುತ್ತದೆ.

ಪಶ್ಚಿಮಕ್ಕೆ ಏಕೆ ಎಂದರೆ, ವಿಯುತಿಯ ಹೊತ್ತಿನಲ್ಲಿ ಒಳಸುತ್ತಿನ ನಮ್ಮ ಭೂಮಿ ಅದನ್ನು ಹಿಂದೆ ಹಾಕುತ್ತಿರುತ್ತದೆ. ಬಸ್ಸಿನಲ್ಲಿ ಕುಳಿತವನಿಗೆ ಪಕ್ಕದ ನಿಧಾನದ ಲಾರಿ ಹಿಂದಕ್ಕೆ ಹೋದಂತೆ ಕಾಣುವ ಹಾಗೆ. ಪಂಚಾಂಗದವರು ವಕ್ರಗತಿ ಎನ್ನುವುದು ಇದನ್ನೇ. ಈಗ ಸ್ಥಾನಪಟ್ಟಿ ತೆಗೆದು ಹೋಲಿಸಿ. ನನ್ನ ಮೊದಲ ಫ್ಲೋರಾ ಅಡುಗೆಮನೆಯ ದೀಪದ ಕೆಳಗೆ ಎರಡು ಹಾಳೆಗಳ ನಡುವೆ ಸಿಕ್ಕಿತು. ಆ ಹಾಳೆಗಳು ಇನ್ನೂ ನನ್ನ ಬಳಿ ಇವೆ.

ಕ್ಯಾಮೆರಾ ಇದ್ದರೆ

ಐರಿಸ್, ಫ್ಲೋರಾಗಳಿಗೆ 50 ಮಿಲಿಮೀಟರ್ ಲೆನ್ಸು, ಟ್ರೈಪಾಡ್, 4–5 ಸೆಕೆಂಡಿನ ಹತ್ತಾರು ಚಿತ್ರಗಳು ಸಾಕು. ಅದಕ್ಕಿಂತ ದೀರ್ಘವಾದರೆ ಭೂಮಿಯ ತಿರುಗುವಿಕೆಯಿಂದ ನಕ್ಷತ್ರಗಳು ಗೆರೆಯಾಗುತ್ತವೆ. ಎರಡು ರಾತ್ರಿಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸಿ ಒಂದಾದ ಮೇಲೊಂದು ಮಿನುಗಿಸಿ. ಚಲಿಸುವ ಚುಕ್ಕಿ ತಾನಾಗಿ ಜಿಗಿಯುತ್ತದೆ.

ಗಾಸ್ಪ್ರಾ

ಇದಕ್ಕೆ ಆರರಿಂದ ಎಂಟು ಇಂಚಿನ ದೂರದರ್ಶಕ, ಆಕಾಶದ ಚಲನೆಯನ್ನು ಹಿಂಬಾಲಿಸುವ ಪೀಠ, ಕ್ಯಾಮೆರಾ ಬೇಕು. ಒಬ್ಬರೇ ಕೊಳ್ಳುವಂಥದಲ್ಲ. ಕಾಲೇಜು ಅಥವಾ ಊರಿನ ಹವ್ಯಾಸಿಗಳು ಸೇರಿ ಮಾಡಬೇಕಾದದ್ದು. ಒಂದು ನಿಮಿಷದ ಚಿತ್ರಗಳನ್ನು ಅರ್ಧ ಗಂಟೆಯ ಅಂತರದಲ್ಲಿ ಮೂರು ಸಲ ತೆಗೆಯಿರಿ. ಗಂಟೆಗೆ ಮೂವತ್ತೈದು, ನಲವತ್ತು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಸರಿಯುವ ಚುಕ್ಕಿ ಅಷ್ಟರಲ್ಲೇ ಸಿಕ್ಕಿಬೀಳುತ್ತದೆ, ಎರಡನೆಯ ರಾತ್ರಿಗೆ ಕಾಯಬೇಕಿಲ್ಲ.

ಸಿಕ್ಕಿದ ಮೇಲೆ ಬಿಡಬೇಡಿ. ಗಾಸ್ಪ್ರಾ ಗುಂಡಗಿಲ್ಲ: 18.2, 10.5, 8.9 ಕಿಲೋಮೀಟರಿನ ಸೊಟ್ಟ ಕಲ್ಲು, ತನ್ನ ಸುತ್ತ ತಿರುಗಲು 7.04 ಗಂಟೆ ತೆಗೆದುಕೊಳ್ಳುತ್ತದೆ. ಅಗಲದ ಮೈ ನಮ್ಮ ಕಡೆ ತಿರುಗಿದಾಗ ಹೊಳಪು ಹೆಚ್ಚು, ತುದಿ ತಿರುಗಿದಾಗ ಕಡಿಮೆ. ಒಂದು ಸುತ್ತಿನಲ್ಲಿ ಎರಡು ಏರು, ಎರಡು ಇಳಿ. ನಮ್ಮ ಡಿಸೆಂಬರಿನ ರಾತ್ರಿಯಲ್ಲಿ ಪೂರ್ಣ ಕತ್ತಲೆ ಹತ್ತು ಗಂಟೆಯಷ್ಟು ಸಿಗುತ್ತದೆ. ಇಬ್ಬನಿ ಬಿಟ್ಟುಕೊಟ್ಟ ರಾತ್ರಿಯಲ್ಲಿ ಸಂಜೆ ಏಳೂವರೆಗೆ ಆರಂಭಿಸಿದರೆ ಎರಡೂವರೆಯ ಹೊತ್ತಿಗೆ ಒಂದು ಪೂರ್ಣ ಸುತ್ತು ಮುಗಿದಿರುತ್ತದೆ. ಲೆನ್ಸನ್ನು ಅಷ್ಟು ಹೊತ್ತು ಒಣಗಿರಿಸಲು ಬ್ಯಾಟರಿಯಿಂದ ನಡೆಯುವ ಬಿಸಿಪಟ್ಟಿ ಕಟ್ಟಿ, ಹಾಳೆಯ ಮುಸುಕು ಮಾತ್ರ ಸಾಲದು.

ಪ್ರತಿ ಚಿತ್ರದಲ್ಲೂ ಗಾಸ್ಪ್ರಾದ ಹೊಳಪನ್ನು ಅದೇ ಚೌಕಟ್ಟಿನ ಮೂರು ಸ್ಥಿರ ನಕ್ಷತ್ರಗಳೊಡನೆ ಹೋಲಿಸಿ. ಸೂರ್ಯನ ಬಣ್ಣಕ್ಕೆ ಹತ್ತಿರವಾದ ನಕ್ಷತ್ರಗಳನ್ನು ಆರಿಸಿದರೆ ಒಳ್ಳೆಯದು. ಗಾಸ್ಪ್ರಾದಿಂದ ಬರುವುದೂ ಸೂರ್ಯನ ಬೆಳಕೇ. ಮ್ಯೂನಿವಿನ್, ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶಗಳು ಈ ಹೋಲಿಕೆಯನ್ನು ಮಾಡಿಕೊಡುತ್ತವೆ. ಬಂದ ಅಂಕಿಗಳನ್ನು ಸಮಯದ ಎದುರು ಚೌಕಳಿ ಹಾಳೆಯ ಮೇಲೆ ಗುರುತಿಸಿ. ಗೆರೆ ಏರಿ, ಇಳಿದು, ಮತ್ತೆ ಏರಿ ಇಳಿದು, ಏಳನೆಯ ಗಂಟೆಯ ಹತ್ತಿರ ಮೊದಲಿನ ಎತ್ತರಕ್ಕೇ ಬಂದು ಸೇರಿದರೆ, ಹದಿನೆಂಟು ಕೋಟಿ ಕಿಲೋಮೀಟರಿನಷ್ಟು ಆಚೆ ಆ ಕಲ್ಲು ಒಂದು ಸುತ್ತು ಹೊರಳಿದ್ದನ್ನು ನಿಮ್ಮ ಬೇಣದಿಂದ ಅಳೆದಂತಾಯಿತು. ಮರುರಾತ್ರಿಯೂ ಅಳೆಯಿರಿ; ಎರಡು ರಾತ್ರಿಗಳ ಗೆರೆಗಳು ಒಂದರ ಮೇಲೊಂದು ಕೂರುವಂತೆ ಅವಧಿಯನ್ನು ತಿದ್ದುತ್ತಾ ಹೋದರೆ 7.04ಕ್ಕೆ ಎಷ್ಟು ಹತ್ತಿರ ಬಂದಿದ್ದೀರಿ ಎಂದು ತಿಳಿಯುತ್ತದೆ.